ಲಾಂಚಿನ ಹಗ್ಗದ ಇನ್ನೊಂದು ತುದಿ

ನಂಬಬೇಡಿ. ಧೈರ್ಯವಿದ್ದರೆ ನಂಬದೆ ಇದ್ದು ತೋರಿಸಿ. ಅಮೀನಗಡದ ಬಸ್ ಸ್ಟ್ಯಾಂಡಿನಲ್ಲಿ ನನ್ನ ಮಾತು ನಂಬಿ ಕೆಟ್ಟವರು ಇನ್ನೂ ಕೆಲವರು ಬದುಕಿದ್ದಾರೆ. ನಂಬುವುದೇ ಇಲ್ಲ ಎಂದು ಪಂಥ ಕಟ್ಟಿ ಸೋತವರು ಅವರಿಗಿಂತ ಹೆಚ್ಚು. ಹುನಗುಂದ ತಾಲೂಕಿನವನು ನಾನು. ಬೀರಪ್ಪನ ಒಕ್ಕಲು, ಕುರಿ ಕಾಯುವ ಮನೆತನ. ಮಲಪ್ರಭೆಯಲ್ಲಿ ಮೊಣಕಾಲಿನ ಮೇಲೆ ನೀರು ಬಂದರೆ ಹಿಂದಕ್ಕೆ ಸರಿಯುತ್ತಿದ್ದ ಇಂಥವನು ಎಪ್ಪತ್ತರ ದಶಕದ ಕೊನೆಯಲ್ಲಿ ಕಸ್ಟಮ್ಸ್‌ನವರ ಗಸ್ತಿನ ಹಡಗಿನಲ್ಲಿ ಖಲಾಸಿಯಾಗಿದ್ದ ಎಂದರೆ ನೀವು ನಗುತ್ತೀರಿ. ನಗಿ. ನಮ್ಮ ಊರಿನವರೂ ನಕ್ಕಿದ್ದರು.

ಕೆಲಸಕ್ಕೆ ತೆಗೆದುಕೊಳ್ಳುವಾಗ ಸಾಹೇಬರು ಕೇಳಿದ್ದು ಒಂದೇ ಪ್ರಶ್ನೆ, ಈಜು ಬರುತ್ತದೆಯೇ ಎಂದು.

"ಬಾದಾಮಿ ಹೊಂಡ ಈ ದಂಡಿಯಿಂದ ಆ ದಂಡಿಗೆ ದಾಟೇನ್ರಿ ಸಾಹೇಬ್ರ, ಒಂದ ಸಲಾನೂ ನೀರು ಕುಡದಿಲ್ಲ" ಎಂದೆ.

ಇದರಲ್ಲಿ ಸುಳ್ಳೇನಿದೆ? ದಾಟಿದ್ದೆ. ಹೊಂಡದ ಸುತ್ತಲಿನ ಮೆಟ್ಟಿಲುಗಳ ಮೇಲೆ ನಡೆದು ದಾಟಿದ್ದೆ. ನೀರನ್ನೂ ಕುಡಿದಿರಲಿಲ್ಲ.

ಗಸ್ತಿನ ಹಡಗು ಎಂದ ಕೂಡಲೇ ತೋಪು, ತುತ್ತೂರಿ ಎಲ್ಲ ಕಲ್ಪಿಸಿಕೊಳ್ಳಬೇಡಿ. ಅದೊಂದು ಮರದ ಲಾಂಚು. ಅದರ ಪೂರ್ವಾಶ್ರಮವೇ ಕಳ್ಳತನದ್ದು. ಅರಬ್ಬೀ ಸಮುದ್ರದ ಆಚೆ ದಂಡೆಯಿಂದ ಗಡಿಯಾರ, ಟೇಪ್ ರೆಕಾರ್ಡರ್, ಮಿರಮಿರ ಮಿಂಚುವ ಬಟ್ಟೆಯ ಥಾನುಗಳನ್ನು ಕದ್ದು ತರುತ್ತಿದ್ದ ಲಾಂಚು. ನಾನು ಸೇರುವ ಕೆಲವು ವರ್ಷ ಮೊದಲು ಕಸ್ಟಮ್ಸ್‌ನವರು ಅದನ್ನು ಬೆನ್ನಟ್ಟಿ, ಗುಡ್ಡಗಳ ನಡುವಿನ ಒಂದು ಸಣ್ಣ ಕೊಲ್ಲಿಯ ಬಾಯಲ್ಲಿ ಹಿಡಿದಿದ್ದರು. ಆಮೇಲೆ ಅದಕ್ಕೆ ಬೂದಿ ಬಣ್ಣ ಬಳಿದು, ಹೊಸ ಎಂಜಿನ್ ಕೂಡಿಸಿ, ಕಳ್ಳರನ್ನು ಹಿಡಿಯುವ ಕೆಲಸಕ್ಕೆ ಅದನ್ನೇ ಹಚ್ಚಿದರು. ಊರ ಪುಂಡನಿಗೆ ಮದುವೆ ಮಾಡಿ ಸಂಭಾವಿತನನ್ನಾಗಿಸುತ್ತಾರಲ್ಲ, ಹಾಗೆ.

ಆ ಲಾಂಚು ನಡೆಸುತ್ತಿದ್ದವರು ಕರಾವಳಿಯ ಹಿರಿಯರೊಬ್ಬರು. ಲಾಂಚಿನ ಯಜಮಾನನಿಗೆ ಅಲ್ಲಿ ತಾಂಡೇಲ ಎನ್ನುತ್ತಾರೆ. ಅದನ್ನು ಬೆನ್ನಟ್ಟಿ ಹಿಡಿದ ದಿನವೂ ಅವರೇ ಮುಂದಿದ್ದರು. ಲಾಂಚಿನಲ್ಲಿದ್ದ ಕಳ್ಳರೆಲ್ಲ ನೀರಿಗೆ ಹಾರಿ ಈಜಿ ದಡ ಸೇರಿದರಂತೆ, ದಡದಲ್ಲಿ ಕಾದಿದ್ದವರ ಕೈಗೆ ಸಿಕ್ಕರಂತೆ. ಒಬ್ಬ ಮಾತ್ರ ಸಿಗಲಿಲ್ಲ.

"ನಿಮ್ಮ ಘಟ್ಟದ ಮೇಲಿನವನೇ ಮಾರಾಯ" ಎಂದಿದ್ದರು ತಾಂಡೇಲರು, ನಾನು ಸೇರಿದ ಹೊಸತರಲ್ಲಿ. "ಈಜು ಬಾರದವ. ಹಗ್ಗ, ಹಾಯಿ ಹರಿದರೆ ಸರಿ ಮಾಡುವುದು ಅವನ ಕೆಲಸವಂತೆ. ಸಿಕ್ಕಿಬಿದ್ದವರು ಹೇಳಿದ್ದು. ಕೆಳಗೆ ಕಳ್ಳ ಕೋಣೆಯೊಂದು ಉಂಟಲ್ಲ, ಅಲ್ಲಿ ಅಡಗಿದ್ದಾನೆ ಅಂತ ನಾವು ಹಲಗೆ ಕಿತ್ತು ನೋಡಿದೆವು. ಮನುಷ್ಯ ಇಲ್ಲ. ಒಂದು ಸಿಂಬೆ ಹಗ್ಗ ಮಾತ್ರ ಇತ್ತು."

"ಮತ್ತ ಅಂವ ಎಲ್ಲಿ ಹ್ವಾದಾ?"

"ಸಮುದ್ರಕ್ಕೆ ಕೇಳು" ಎಂದು ಬೀಡಿ ಹಚ್ಚಿದರು.

ಹಗ್ಗ ಗಟ್ಟಿಮುಟ್ಟಾಗಿತ್ತು, ಎಸೆಯಲು ಮನಸ್ಸು ಬರಲಿಲ್ಲ, ಲಂಗರಿಗೆ ಅದನ್ನೇ ಕಟ್ಟಿದರು. ಬಳಸದಿದ್ದಾಗ ಅದನ್ನು ಸುತ್ತಿ ಇಡುತ್ತಿದ್ದದ್ದು ಆ ಕಳ್ಳ ಕೋಣೆಯಲ್ಲೇ.

ಆ ಲಾಂಚಿಗೆ ಒಂದು ಚಟವಿತ್ತು. ಎಂಜಿನ್ ನಿಲ್ಲಿಸಿದರೆ ಸಾಕು, ಗಾಳಿ ಯಾವ ಕಡೆಗಾದರೂ ಬೀಸಲಿ, ನೀರಿನ ಸೆಳೆತ ಯಾವ ಕಡೆಗಾದರೂ ಇರಲಿ, ಅದರ ಮೂತಿ ಸಾವಕಾಶ ಆ ಕೊಲ್ಲಿಯ ಕಡೆಗೆ ತಿರುಗುತ್ತಿತ್ತು. ಚುಕ್ಕಾಣಿಯನ್ನು ಬಿಗಿದು ಕಟ್ಟಿದರೂ ತಿರುಗುತ್ತಿತ್ತು. ಅಷ್ಟೇ ಆಗಿದ್ದರೆ ಮರ ಬಾಗಿದೆ ಎನ್ನಬಹುದಿತ್ತು. ಆದರೆ ನಡು ಮಧ್ಯಾಹ್ನ, ಬಿಸಿಲು ನೀರಿಗೆ ಬಿದ್ದು ಕಣ್ಣು ಕುಕ್ಕುವ ಹೊತ್ತಿನಲ್ಲಿ, ಎಂಜಿನ್ ನಿಂತ ಮೇಲೆ ಕೆಳಗಿನಿಂದ ಒಂದು ಸಪ್ಪಳ ಬರುತ್ತಿತ್ತು. ಲಟಕ್, ಲಟಕ್. ಸ್ವಲ್ಪ ತಡೆದು ಮತ್ತೊಂದು ಲಟಕ್. ಮತ್ತೆ ಅದೇ. ಉಳಿದ ಖಲಾಸಿಗಳು ಹಲಗೆ ಸಡಿಲಾಗಿದೆ ಎನ್ನುತ್ತಿದ್ದರು. ಹಾಗೆನ್ನುತ್ತ ಲಾಂಚಿನ ಆ ತುದಿಗೆ ಹೋಗಿ ಕೂಡುತ್ತಿದ್ದರು.

ನನಗೆ ಆ ಸಪ್ಪಳ ಗೊತ್ತಿತ್ತು. ನನ್ನ ಹೆಂಡತಿಯ ತವರು ಇಳಕಲ್ಲು, ನೇಕಾರರ ಓಣಿ. ಮದುವೆಯಾದ ಹೊಸತರಲ್ಲಿ ಅಳಿಯನ ಬಿಂಕದಲ್ಲಿ ಅಲ್ಲಿ ಮಲಗಿರುತ್ತಿದ್ದಾಗ ಬೆಳಗ್ಗೆ ಎಬ್ಬಿಸುತ್ತಿದ್ದದ್ದು ನೆಲದ ಗುಂಡಿಯಲ್ಲಿ ಕಾಲಿಳಿಸಿ ನೇಯುವ ಕುಣಿಮಗ್ಗದ ಇದೇ ಸಪ್ಪಳ. ಆದರೆ ನಡುಸಮುದ್ರದಲ್ಲಿ ಮಗ್ಗ ಎಂದರೆ ಯಾರು ನಂಬುತ್ತಾರೆ? ಅದೂ ನಾನು ಹೇಳಿದರೆ? ಊರಿಗೆ ಬಂದಾಗ ಒಮ್ಮೆ ಬಾಟಲಿಯಲ್ಲಿ ಸಮುದ್ರದ ನೀರು ತಂದು, ದೇವರ ತೀರ್ಥ ಎಂದು ನಮ್ಮ ಸೋದರತ್ತೆಗೆ ಕೊಟ್ಟಿದ್ದೆ. ಆಕೆ ಮನೆಮಂದಿಯೆಲ್ಲ ಉಣ್ಣಲಿ ಎಂದು ಬೇಳೆಗೆ ಸುರಿದುಬಿಟ್ಟಳು. ಅವತ್ತಿನಿಂದ ನಾನು "ಮಳಿ ಬಂದೈತಿ" ಎಂದರೂ ಊರವರು ಹೊರಗೆ ಕೈ ಚಾಚಿ ನೋಡುತ್ತಿದ್ದರು. ಹೀಗಾಗಿ ಸುಮ್ಮನಿದ್ದೆ. ನಾನು ಸುಮ್ಮನಿದ್ದದ್ದು ಅಪರೂಪ, ಬರೆದಿಟ್ಟುಕೊಳ್ಳಿ.

ಒಂದು ದಿನ ಎಂಜಿನ್ ಕೆಟ್ಟಿತು. ನೋಡುನೋಡುತ್ತ ಲಾಂಚು ಆ ಕೊಲ್ಲಿಯೊಳಗೆ ಹೊಕ್ಕು ಬಂಡೆಗೆ ಮೈ ತಿಕ್ಕಿತು. ಲಂಗರು ಹಿಡಿದದ್ದಕ್ಕೆ ಉಳಿದೆವು. ಎಲ್ಲರ ಮುಖ ಬೆಳ್ಳಗಾಗಿತ್ತು. ನಾನು ಹೆದರಿಕೆ ಬಂದಾಗ ಹಾಸ್ಯ ಮಾಡುವವನು, ಅದಕ್ಕೆ ಹೇಳಿದೆ:

"ತಾಂಡೇಲ್ರ, ನಿಮಗ ಎತ್ತಿನ ಯಾಪಾರ ಗೊತ್ತಿಲ್ರಿ. ನಮ್ಮ ಅಮೀನಗಡದ ಸಂತ್ಯಾಗ ಎತ್ತು ಮಾರಿದಾಂವ ಎತ್ತು ಕೊಡ್ತಾನ, ಹಗ್ಗ ಕೊಡಂಗಿಲ್ಲ. ತಗೊಂಡಾಂವ ತನ್ನ ಹೊಸಾ ಹಗ್ಗ ಹಾಕಿ ಹೊಡಕೊಂಡು ಹೋಗಬೇಕು. ಹಳೀ ಹಗ್ಗ ಕೊಳ್ಳಾಗ ಇದ್ರ ಎತ್ತು ಹಳೀ ಮನಿ ದಾರಿ ಮರಿಯಂಗಿಲ್ಲ. ನೀವು ಎತ್ತೂ ಹಿಡದೀರಿ, ಹಗ್ಗಾನೂ ಇಟ್ಟುಕೊಂಡೀರಿ. ಅದು ಓಡಿ ಹೋಗದ ಏನ್ಮಾಡ್ತೈತಿ?"

ಎಲ್ಲರೂ ನಕ್ಕರು. ತಾಂಡೇಲರು ಮೊದಲು ನಕ್ಕರು, ಮೊದಲು ನಿಲ್ಲಿಸಿದ್ದೂ ಅವರೇ. ಬಂದರಿಗೆ ಮರಳಿದ ಮೇಲೆ ನನ್ನನ್ನು ಬದಿಗೆ ಕರೆದರು.

"ಹೊಸ ಹಗ್ಗ ಕೇಳಿದ್ದೇನೆ. ಹಳೆಯದನ್ನು ನೀನು ಒಯ್ಯಿ. ಹೇಗೂ ಎಸೆಯುವುದೇ."

"ನಾ ಯಾಕ್ರಿ? ನಂದೇನ್ ಲಾಂಚು ಐತೇನ್ರಿ?"

"ಅವನೂ ಘಟ್ಟದ ಮೇಲಿನವ, ನೀನೂ ಘಟ್ಟದ ಮೇಲಿನವ. ಕುರಿ ಕಟ್ಟು, ಏನಾದರೂ ಮಾಡು. ಇಲ್ಲಿ ಬೇಡ."

ಹಗ್ಗ ತರಲು ಕಳ್ಳ ಕೋಣೆಗೆ ನಾನೊಬ್ಬನೇ ಇಳಿದೆ. ಅಷ್ಟು ಧೈರ್ಯ ನನ್ನೊಬ್ಬನಿಗೇ ಇದ್ದದ್ದು. ಮೇಲಿನ ಹಲಗೆಯ ಸಂದಿಯಿಂದ ಬಿಸಿಲು ಬರೆ ಎಳೆದಂತೆ ಬೀಳುತ್ತಿತ್ತು. ಒಬ್ಬ ಮನುಷ್ಯ ಕಾಲು ಮಡಚಿ ಕೂಡಬಹುದಾದಷ್ಟು ಜಾಗ. ಮೂಲೆಯಲ್ಲಿ ಸುಟ್ಟ ಬೀಡಿಯ ತುಂಡುಗಳು, ಪಕ್ಕೆಲುಬಿನಂಥ ಮರದ ಅಡ್ಡೆಗಳು, ಎದುರಿನ ಅಡ್ಡೆಗೆ ಬಡಿದ ಕಬ್ಬಿಣದ ಕೊಕ್ಕೆ, ತಿಕ್ಕಿ ತಿಕ್ಕಿ ಹೊಳಪು ಬಂದದ್ದು. ಕೆಳಗೆ ಸಿಂಬೆ ಸುತ್ತಿದ ಹಗ್ಗ. ಎತ್ತಿಕೊಂಡಾಗ ಅದರ ನಡುವೆ ಒಂದು ಕಡೆ ಕೈಗೆ ಬೇರೆ ಥರ ಹತ್ತಿತು. ಹರಿದದ್ದನ್ನು ಕೂಡಿಸಿದ್ದರು. ಗಂಟಿರಲಿಲ್ಲ. ಖಲಾಸಿಗಳು ಹೆಣೆಯುವಂತೆ ಹೆಣೆದಿರಲೂ ಇಲ್ಲ.

ಊರಿಗೆ ಬರುವಾಗ ಘಟ್ಟ ಹತ್ತಿದ ಮೇಲೆ ಬಾಗಲಕೋಟೆಯವರೆಗೆ ರೈಲು. ಡಬ್ಬಿಯ ತುಂಬ ಉಪ್ಪಿನ ವಾಸನೆ. ಎದುರು ಕೂತ ಮುದುಕ ಮೂಗು ಮುಚ್ಚಿಕೊಂಡು ಕೇಳಿದ:

"ಏನ್ಲೇ ತಮ್ಮಾ ಅದು, ಹೆಣಾ ಕಟ್ಟಿದ ಹಗ್ಗೇನು?"

"ಅಲ್ಲೋ ಯಜ್ಜಾ, ತಿಮಿಂಗಿಲ ಮೇಸಾಕ ಒಯ್ತಿದ್ದೆ, ಹಗ್ಗ ಬಿಚಗೊಂಡು ಓಡಿತು. ಗುಳೇದಗುಡ್ಡದಾಗ ಇಳದೈತಿ ಅಂತ ಸುದ್ದಿ."

ಡಬ್ಬಿ ಇಡೀ ನಕ್ಕಿತು. ನಾನೂ ನಕ್ಕೆ. ಆದರೆ ಮುದುಕನ ಮಾತು ಎದೆಯಲ್ಲಿ ಉಳಿಯಿತು. ಬಾಗಲಕೋಟೆಯಲ್ಲಿ ಇಳಿದು, ಹಗ್ಗವನ್ನು ಹೆಗಲಿಗೇರಿಸಿ ಬಸ್ಸಿಗೆ ನಡೆಯುವಾಗ, ಯಾರೋ ಅದರ ಹಿಂದಿನ ತುದಿಯನ್ನು ನೆಲಕ್ಕೆ ತಾಗದಂತೆ ಎತ್ತಿ ಹಿಡಿದು ಬರುತ್ತಿದ್ದಾರೆ ಅನ್ನಿಸಿತು. ಹೊಳ್ಳಿ ನೋಡಿದೆ. ತುದಿ ನೆಲದ ಮೇಲೆ ಎಳೆದುಕೊಂಡು ಬರುತ್ತಿತ್ತು. ಆದರೆ ಹೊಳ್ಳಿ ನೋಡುವವರೆಗೆ ಅದು ನೆಲಕ್ಕೆ ತಿಕ್ಕುವ ಸಪ್ಪಳವೇ ಬಂದಿರಲಿಲ್ಲ.

ಮನೆಯಲ್ಲಿ ಕುರಿ ದೊಡ್ಡಿಯ ಗೂಟಕ್ಕೆ ಅದನ್ನು ತೂಗುಹಾಕಿದೆ. ಕುರಿಗಳು ಆ ಬದಿ ಬಿಟ್ಟು ಈ ಬದಿಗೆ ಒತ್ತಿ ನಿಂತವು. ನಮ್ಮಾಕೆ ಹಾಲು ಹಿಂಡಲು ಬಂದವಳು ಕೈಗೆ ಹಗ್ಗ ತಾಗಿ ನಿಂತಳು. ಬೆರಳಿನಿಂದ ಆ ಕೂಡಿಸಿದ ಜಾಗವನ್ನು ಬಿಡಿಸಿ ಬಿಡಿಸಿ ನೋಡಿದಳು.

"ಇದನ್ನ ಎಲ್ಲಿಂದ ತಂದ್ರಿ?"

"ಲಾಂಚಿನ ಹಗ್ಗ. ಯಾಕ?"

"ಇದು ಕೊಂಡಿ."

ಇಳಕಲ್ಲ ಸೀರೆ ಉಟ್ಟವರಿಗೆ ಗೊತ್ತಿರುತ್ತದೆ, ಅದರ ಒಡಲಿನ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹಾಸಿದ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಮಗ್ಗದ ಮೇಲೆಯೇ ಕೂಡಿಸುತ್ತಾರೆ. ಒಡಲಿನ ಎಳೆಯ ಕುಣಿಕೆಯೊಳಗೆ ಸೆರಗಿನ ಎಳೆಯ ಕುಣಿಕೆ, ಹೀಗೆ ಒಂದೊಂದೇ ಎಳೆ. ಅದಕ್ಕೇ ಕೊಂಡಿ ಎನ್ನುವುದು. ಆ ಹಗ್ಗದ ಎರಡೂ ಹರಕು ತುದಿಗಳ ನಾರನ್ನು ಎಳೆಎಳೆಯಾಗಿ ಬಿಡಿಸಿ, ಕುಣಿಕೆಯೊಳಗೆ ಕುಣಿಕೆ ಹಾಕಿ, ಬಿಗಿದಿದ್ದರು.

ನಮ್ಮಾಕೆಯ ಮುಖ ಸಣ್ಣಗಾಯಿತು. "ನಮ್ಮ ಓಣ್ಯಾಗಿಂದ ಸಮುದ್ರದ ಕಡಿ ದುಡ್ಯಾಕ ಹ್ವಾದಾಂವ ಒಬ್ಬನ ಇದ್ದ. ನಮ್ಮ ತವರಮನಿ ಬಾಜೂದಾಂವ. ಹ್ವಾದಾಂವ ತಿರುಗಿ ಬರಲಿಲ್ಲ. ಆತನ ಹೆಂಡ್ತಿ ಅಕ್ಕಾ ಇನ್ನೂ ಕಾಯಾಕ ಹತ್ಯಾಳ್ರಿ."

ಮರುದಿನ ಹುನಗುಂದಕ್ಕೆ ಹೋಗಿ ಅಲ್ಲಿಂದ ಇಳಕಲ್ಲಿನ ಬಸ್ಸು ಹಿಡಿದೆವು. ನಮ್ಮಾಕೆಯ ತೊಡೆಯ ಮೇಲೆ ಚೀಲ, ಚೀಲದಲ್ಲಿ ಹಗ್ಗ. ದಾರಿಯುದ್ದಕ್ಕೂ ಒಂದೇ ಮಾತು.

"ನೋಡ್ರಿ, ಆಕಿ ಮುಂದ ನಿಮ್ಮ ಪುಂಗಿ ಊದಬ್ಯಾಡ್ರಿ. ಇದೊಂದು ದಿನ ಖರೆ ಅಷ್ಟ ಹೇಳ್ರಿ. ಇಲ್ಲಂದ್ರ ಬಾಯಿ ಮುಚಗೊಂಡು ಕುಂದರ್ರಿ."

"ಬೀರಪ್ಪನಾಣಿ, ಖರೆ ಅಷ್ಟ ಹೇಳ್ತೇನಿ."

ಆ ಹೆಂಗಸಿನ ಮನೆ ಓಣಿಯ ತಿರುವಿನಲ್ಲಿತ್ತು. ಪಡಸಾಲೆಯಲ್ಲಿ ಕೂತು ಬೇರೆಯವರ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಕೈಯಲ್ಲಿ ಹಸಿರು ಬಳೆಗಳಿದ್ದವು. ಹಿಂದೆ ಅವಳದೇ ಮಗ್ಗವಿತ್ತು, ಮೇಲೊಂದು ಹಳೆ ದುಪ್ಪಟಿ ಹೊದಿಸಿದ್ದು. ಮಗ್ಗದ ಕುಣಿಯಲ್ಲಿ ಜೇಡ ಬಲೆ ಕಟ್ಟಿತ್ತು. ಗಂಡ ಸೀರೆಯೊಂದನ್ನು ಅರ್ಧಕ್ಕೆ ಬಿಟ್ಟು ಹೋಗಿದ್ದ. ಅವನು ಇದ್ದಾನೋ ಇಲ್ಲವೋ ತಿಳಿಯುವವರೆಗೆ ಆ ಹಾಸನ್ನು ಬೇರೆ ಯಾರೂ ಮುಟ್ಟಬಾರದೆಂದು ಆಕೆ ಹಟ ಹಿಡಿದಿದ್ದಳು. ನೇಯ್ಗೆ ಗೊತ್ತಿದ್ದೂ ಕಂಡಿಕೆ ಸುತ್ತಿ ಹೊಟ್ಟೆ ಹೊರೆಯುತ್ತಿದ್ದಳು. ಓಣಿಯವರು ಆಡಿಕೊಳ್ಳುತ್ತಿದ್ದರಂತೆ: ಆಚೆ ದಂಡೆಯಲ್ಲಿ ಇನ್ನೊಬ್ಬಳನ್ನು ಮಾಡಿಕೊಂಡು ಸುಖವಾಗಿದ್ದಾನೆ, ಇವಳು ಇಲ್ಲಿ ದುಪ್ಪಟಿ ಕಾಯುತ್ತಿದ್ದಾಳೆ ಎಂದು.

ಲಾಂಚನ್ನು ಹಿಡಿದದ್ದು, ಒಬ್ಬ ಸಿಗದೆ ಹೋದದ್ದು, ಅವನಿಗೆ ಈಜು ಬಾರದಿದ್ದದ್ದು, ಎಲ್ಲವನ್ನೂ ಹೇಳಿದೆ. ಅಲಂಕಾರ ಮಾಡಲಿಲ್ಲ. ಆಕೆ ಕಂಡಿಕೆ ಸುತ್ತುತ್ತಲೇ ಕೇಳಿದಳು. ನಮ್ಮಾಕೆ ಹಗ್ಗ ತೆಗೆದು ಎದುರಿಗೆ ಇಟ್ಟಳು.

ಆಗ ರಾಟಿ ನಿಂತಿತು.

ಆಕೆ ಕೊಂಡಿಯ ಮೇಲೆ ಹೆಬ್ಬೆರಳು ಆಡಿಸಿದಳು. ಕೊನೆಗೆ ಒಂದು ಕುಣಿಕೆಯ ಹತ್ತಿರ ನಿಲ್ಲಿಸಿದಳು.

"ಇದು ಅವ್ರದ ಕೈ, ಯಣ್ಣಾ. ಕಡೀ ಎಳಿ ಯಾವಾಗ್ಲೂ ಹೊಳ್ಳಿಸಿ ಹಾಕತಿದ್ರು. ನಮ್ಮ ಮಾವ ಬಡದ್ರೂ ಬಿಡ್ಲಿಲ್ಲ."

ಹೊರಗೆ ಯಾರದೋ ಮಗ್ಗ ನಡೆದಿತ್ತು. ಆಕೆ ಅಳಲಿಲ್ಲ. ತಲೆಯೆತ್ತಿ ನೇರ ನನ್ನನ್ನೇ ನೋಡಿದಳು.

"ಒಂದು ಮಾತು ಕೇಳ್ಲೇನು?"

"ಕೇಳವಾ ತಂಗಿ."

"ಕೊಂಡಿ ಒಬ್ಬರಿಗೆ ಹಾಕಾಕ ಬರಂಗಿಲ್ಲ. ಒಬ್ಬರು ಕುಣಿಕಿ ಹಾಕಬೇಕು, ಒಬ್ಬರು ಆ ಕಡೆ ತುದಿ ಬಿಗಿ ಹಿಡೀಬೇಕು. ಈ ಮನ್ಯಾಗ ಯಾವತ್ತೂ ಅವ್ರು ಹಾಕತಿದ್ರು, ನಾ ಹಿಡೀತಿದ್ದೆ." ಕೊಂಡಿಯನ್ನು ನನ್ನ ಕಡೆಗೆ ಸರಿಸಿದಳು. "ಅಲ್ಲಿ ಆ ಕಡೆ ತುದಿ ಯಾರು ಹಿಡದಿದ್ರು?"

ಜೀವಮಾನವಿಡೀ ಯಾವ ಪ್ರಶ್ನೆಗೂ ಉತ್ತರವಿಲ್ಲದೆ ನಿಂತವನಲ್ಲ ನಾನು. ಫೌಜದಾರರು ಕೇಳಿದ್ದಕ್ಕೆ ಹೇಳಿದ್ದೇನೆ, ಸಾಹೇಬರು ಕೇಳಿದ್ದಕ್ಕೆ ಹೇಳಿದ್ದೇನೆ. ನಮ್ಮಾಕೆ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಯಾರೂ ಇಲ್ಲವಾ. ಅಲ್ಲೊಂದು ಕೊಕ್ಕಿ ಇತ್ತು. ಕಬ್ಬಿಣದ ಕೊಕ್ಕಿ. ಅದಕ್ಕ ಸಿಗಿಸಿ ಒಬ್ಬನ ಕುಂತು ಹಾಕ್ಯಾನ."

"ಕೊಕ್ಕಿ ಹೊಸಾದಿತ್ತೋ, ಸವದಿತ್ತೋ?"

"ಸವದಿತ್ತು. ಹೊಳೀತಿತ್ತು."

"ಅಂದ್ರ ಭಾಳ ಸಲ ಒಬ್ಬರ ಕುಂತು ಹಾಕ್ಯಾರ" ಎಂದಳು. "ಯಾರೂ ಇದ್ದಿದ್ದಿಲ್ಲ ಅವ್ರ ಜೋಡಿ."

"ಯಾರೂ ಇದ್ದಿದ್ದಿಲ್ಲ."

ಆಕೆ ಎದ್ದಳು. ಸೆರಗು ಸೊಂಟಕ್ಕೆ ಸಿಗಿಸಿ, ದುಪ್ಪಟಿಯನ್ನು ಎರಡೂ ಕೈಯಿಂದ ಎತ್ತಿ ಅಂಗಳಕ್ಕೆ ಒಯ್ದು ಝಾಡಿಸಿದಳು. ಧೂಳು ಬಿಸಿಲಲ್ಲಿ ಬಹಳ ಹೊತ್ತು ನಿಂತಿತ್ತು. ಬಳೆಗಳ ಮಾತನ್ನು ಯಾರೂ ಎತ್ತಲಿಲ್ಲ. ನಮ್ಮಾಕೆ ಕುಣಿಯ ಬಲೆ ತೆಗೆದಳು. ಹಗ್ಗವನ್ನು ಆಕೆ ಮಗ್ಗದ ಹಿಂದಿನ ಗೂಟಕ್ಕೆ ಸುತ್ತಿ ಕಟ್ಟಿದಳು, ದಾವಣಿಗೆ ಎತ್ತು ಕಟ್ಟಿದ ಹಾಗೆ. ಆಮೇಲೆ ಕುಣಿಯಲ್ಲಿ ಕಾಲಿಳಿಸಿ ಕೂತು, ಹಾಸಿನ ಮೇಲೆ ಅಂಗೈಯಿಟ್ಟು ನಮಸ್ಕಾರ ಮಾಡಿ, ಲಾಳಿ ಓಡಿಸಿದಳು.

ಲಟಕ್, ಲಟಕ್. ಸ್ವಲ್ಪ ತಡೆದು ಮತ್ತೊಂದು ಲಟಕ್.

ನಾನು ಎದ್ದು ಕುಣಿಯ ಹತ್ತಿರ ಹೋದೆ. "ಅದ್ಯಾಕ ಹಂಗ ತಡದು ಬಡೀತೈತಿ?" ಎಂದೆ.

"ಈ ಮಗ್ಗದ ತುಳಿಯೂ ಹಲಗಿ ಒಂದು ಮೊದಲಿಂದನೂ ಹಿಡೀತೈತಿ ಯಣ್ಣಾ. ಓಣ್ಯಾಗ ಬ್ಯಾರೆ ಯಾ ಮಗ್ಗಕ್ಕೂ ಈ ತ್ರಾಸಿಲ್ಲ."

ಈ ಮಗ್ಗ ವರ್ಷಗಟ್ಟಲೆ ದುಪ್ಪಟಿಯ ಕೆಳಗೆ ಸುಮ್ಮನೆ ಕೂತಿತ್ತು. ಅಷ್ಟೂ ದಿನ ಅದರ ಸಪ್ಪಳವನ್ನು ಸಮುದ್ರದ ಮೇಲೆ ನಾನು ಕೇಳಿದ್ದೆ.

ಮರಳಿ ಬರುವ ಬಸ್ಸಿನಲ್ಲಿ ನಮ್ಮಾಕೆ ನನ್ನ ತೋಳು ಮುಟ್ಟಿದಳು. "ಜೀವನದಾಗ ಒಂದಿನಾರ ಸುಳ್ಳು ಹೇಳಲಿಲ್ಲಲ್ರಿ" ಎಂದಳು. ಮದುವೆಯಾದ ಮೇಲೆ ಆಕೆ ನನ್ನನ್ನು ಹೊಗಳಿದ್ದು ಅದೇ ಮೊದಲು. ನಾನು ಕಿಟಕಿಯ ಹೊರಗೆ ಕೆಂಪು ಕಲ್ಲು ಹೇರಿಕೊಂಡು ಹೋಗುತ್ತಿದ್ದ ಲಾರಿಯನ್ನು ನೋಡುತ್ತ ಕೂತೆ.

ರಜೆ ಮುಗಿಸಿ, ಅಮೀನಗಡದ ಕರದಂಟು ಕಟ್ಟಿಕೊಂಡು ಕೆಲಸಕ್ಕೆ ಹೋದಾಗ, ಲಾಂಚು ಹೊಸ ಹಗ್ಗದಲ್ಲಿ ಸಂಭಾವಿತನಂತೆ ನಿಂತಿತ್ತು. ಎಂಜಿನ್ ನಿಲ್ಲಿಸಿದರೆ ಗಾಳಿ ತಳ್ಳಿದ ಕಡೆಗೆ ಹೋಗುತ್ತಿತ್ತು. ಮಧ್ಯಾಹ್ನದ ಸಪ್ಪಳ ಮತ್ತೆಂದೂ ಕೇಳಲಿಲ್ಲ. "ನಿನ್ನ ಎತ್ತು ಹಳೆ ಮನೆ ಮರೆಯಿತು ಮಾರಾಯ" ಎಂದರು ತಾಂಡೇಲರು, ಕರದಂಟಿನ ಅಂಟು ಹಲ್ಲಿನಿಂದ ಬಿಡಿಸಿಕೊಳ್ಳುತ್ತ. ಆಮೇಲೆ ಕೆಲವು ವರ್ಷ ಅದು ಸೇವೆ ಮಾಡಿತು. ಕೆಲವು ಕಳ್ಳ ಲಾಂಚುಗಳನ್ನು ಹಿಡಿಯಿತು, ಹೆಚ್ಚಿನವು ಅದರ ಕಣ್ಣೆದುರೇ ಓಡಿಹೋದವು. ಎಂಬತ್ತರ ದಶಕದಲ್ಲಿ ಕಬ್ಬಿಣದ ಮೈಯ ಚುರುಕಿನ ಬೋಟುಗಳು ಬಂದ ಮೇಲೆ ಅವುಗಳಿಗೆ ಕುಡಿಯುವ ನೀರು, ಡೀಸೆಲ್ ಒಯ್ಯುವ ಚಾಕರಿಗೆ ಬಿತ್ತು. ಕೊನೆಗೆ ಹರಾಜಾಗಿ, ಮರಳಿನ ಮೇಲೆ ಎಳೆದು, ಒಡೆಯಲು ಹಚ್ಚಿದರು. ಆ ದಿನ ನಾನು ಅಲ್ಲಿದ್ದೆ.

ಇಷ್ಟು ಹೊತ್ತು ಕೇಳಿದ್ದೀರಿ. ಇದರಲ್ಲಿ ನಾನು ಕಟ್ಟಿದ್ದು ಒಂದೇ ಒಂದು. ಯಾವುದೆಂದು ಗೊತ್ತಾಯಿತೆಂದು ಬೀಗಬೇಡಿ. ಲಾಂಚು ಕೊಲ್ಲಿಯ ಕಡೆಗೆ ತಿರುಗುತ್ತಿದ್ದದ್ದು ಖರೆ. ನಡುಸಮುದ್ರದ ಮಗ್ಗದ ಸಪ್ಪಳ ಖರೆ. ಕುರಿಗಳು ಸರಿದು ನಿಂತದ್ದೂ ಖರೆ.

ಕೊಕ್ಕೆ ಇರಲಿಲ್ಲ.

ಮೇಲಿನ ಹಲಗೆಗಳನ್ನೆಲ್ಲ ಕಿತ್ತ ಮೇಲೆ ಆ ಕಳ್ಳ ಕೋಣೆ ಬಿಸಿಲಿಗೆ ತೆರೆದು ಬಿದ್ದಿತ್ತು. ಆಕೆಗೆ ಹೇಳಿದ್ದನ್ನು ನಿಜ ಮಾಡುವಂಥದ್ದು ಏನಾದರೂ ನನ್ನ ಕಣ್ಣು ತಪ್ಪಿಸಿ ಉಳಿದಿರಬಹುದೇ ಎಂದು ಇಳಿದು, ಪ್ರತಿ ಅಡ್ಡೆಯನ್ನೂ ಅಂಗೈಯಿಂದ ಸವರಿದೆ. ಕೊಕ್ಕೆಯಿಲ್ಲ. ಮೊಳೆಯಿಲ್ಲ. ಹಗ್ಗ ಸಿಗಿಸುವಂಥ ಒಂದು ಬಿರುಕೂ ಇಲ್ಲ. ಎಲ್ಲವೂ ನುಣುಪಾದ ಮರ. ಅವನು ಬೆನ್ನು ಆನಿಸಿ ಕೂತು ಸವೆದ ಜಾಗ ಒಂದು ಕಡೆ ಇತ್ತು. ಅದರ ಎದುರು, ಹಗ್ಗದ ಆ ತುದಿ ಇರಬೇಕಾದ ಕಡೆ, ಅಷ್ಟೇ ಸವೆದ ಇನ್ನೊಂದು ಜಾಗ.